ಹೊಳ್ಳಿಸಿ ನೋಡುವ ಗಿರಾಕಿ

ಕನ್ನಡದಲ್ಲಿ ಪುಸ್ತಕಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ, ಸಿನಿಮಾಕ್ಕೂ ಇದೆ. ಕರಾವಳಿಯಲ್ಲಿ ಒಂದು ರಾತ್ರಿಯ ಯಕ್ಷಗಾನದ ಬಗ್ಗೆ ಮರುದಿನ ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ನಡೆಯುವ ಚರ್ಚೆ ಯಾವ ಪತ್ರಿಕೆಯ ವಿಮರ್ಶೆಗೂ ಕಡಿಮೆಯಾದದ್ದಲ್ಲ. ಆದರೆ ಒಂದು ಮಡಕೆಗೆ, ಒಂದು ಕಂಬಳಿಗೆ, ಒಂದು ಸೀರೆಗೆ ನಮ್ಮಲ್ಲಿ ವಿಮರ್ಶೆ ಉಂಟೆ? ಕೈಕಸಬಿನ ವಸ್ತುಗಳ ಬಗ್ಗೆ ನಾವು ಬರೆಯುವುದೂ ಆಡುವುದೂ ಬಹುಮಟ್ಟಿಗೆ ಎರಡೇ ಬಗೆ. ಒಂದು, ‘ಎಂಥ ಭವ್ಯ ಪರಂಪರೆ’ ಎಂಬ ಹೊಗಳಿಕೆ. ಇನ್ನೊಂದು, ‘ಅಯ್ಯೋ, ನಶಿಸಿಹೋಗುತ್ತಿದೆ’ ಎಂಬ ಮರುಕ. ಹೊಗಳುವವನೂ ಮರುಗುವವನೂ ಎದುರಿಗಿರುವ ವಸ್ತುವನ್ನು ಕೈಗೆತ್ತಿಕೊಂಡು, ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ, ಏಕೆಂದರೆ ಹೀಗೆ, ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ.

ಈ ಕೊರತೆ ಎದ್ದು ಕಾಣುವ ಜಾಗವೆಂದರೆ ಈಗ ಊರೂರಿನಲ್ಲಿ ನಡೆಯುವ ಗ್ರಾಮೀಣ ಕರಕುಶಲ ಮೇಳ. ಕಳೆದ ಜನವರಿಯಲ್ಲಿ ಮೂವರು ಗೆಳೆಯರ ಜೊತೆ ಧಾರವಾಡದ ಹೊರಗೆ, ಹಳಿಯಾಳದ ದಾರಿಯ ಮಾವಿನ ತೋಪೊಂದರಲ್ಲಿ ಏರ್ಪಟ್ಟಿದ್ದ ಅಂಥ ಒಂದು ಮೇಳದಲ್ಲಿ ಬೆಳಗಿನಿಂದ ಸಂಜೆಯತನಕ ಕಳೆದೆ. ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಹುಟ್ಟಿದ್ದು ಇಳಕಲ್ ಕಡೆಯ ನೇಕಾರರ ಮನೆಯಲ್ಲಿ. ಇನ್ನೊಬ್ಬ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವ ಗೆಳೆಯ. ಮೂರನೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗೆಳತಿ. ಹೋಗುವಾಗ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದು ದಿನದ ವಿಹಾರ, ಮರದ ನೆರಳಿನಲ್ಲಿ ರೊಟ್ಟಿ ಊಟ, ಸಾಧ್ಯವಾದರೆ ಒಂದಿಷ್ಟು ಖರೀದಿ. ಇವೆಲ್ಲ ದೊರೆತವು. ಅದರ ಜೊತೆಗೆ ಒಂದು ತಕರಾರೂ ಹುಟ್ಟಿಕೊಂಡಿತು. ಆ ತಕರಾರನ್ನು ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ಮೊದಲು ಮೇಳದ ಒಳ್ಳೆಯದನ್ನು ಹೇಳಬೇಕು. ತೋಪಿನ ತುಂಬ ಸುಮಾರು ನಲವತ್ತು ಮಳಿಗೆಗಳು. ಬೀದರಿನ ಬಿದ್ರಿ, ಚನ್ನಪಟ್ಟಣದ ಅರಗಿನ ಗೊಂಬೆ, ಕಿನ್ನಾಳದ ಬಣ್ಣದ ಗೊಂಬೆ, ನವಲಗುಂದದ ಜಮಖಾನ, ಸಂಡೂರಿನ ಲಂಬಾಣಿ ಕಸೂತಿ, ಕುರುಬರ ಕಂಬಳಿ, ಇಳಕಲ್ ಸೀರೆ. ಇಷ್ಟು ಊರುಗಳಿಗೆ ಬಸ್ಸು ಹತ್ತಿ ಹೋಗಿ ನೋಡಲು ಒಂದು ತಿಂಗಳಾದರೂ ಬೇಕು. ಇಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆದರೆ ಸಾಕು. ತಯಾರಿಸಿದವರೇ ಮಾರಲು ಕೂತಿದ್ದಾರೆ, ನಡುವೆ ದಲ್ಲಾಳಿ ಇಲ್ಲ. ಹೊಟ್ಟೆಗೆ ಬಡಿಯದ ಬೆಲೆ ಸಿಗುತ್ತದೆ. ಇದು ಸಣ್ಣ ಮಾತಲ್ಲ.

ಆದರೂ ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಒಂದು ಮಾತು ಹೇಳಿದರು: “ಇಲ್ಲಿ ಎಲ್ಲಾರೂ ಚೆಂದ ಐತಿ ಅಂತಾರ. ಯಾರೂ ಏನೂ ಕೇಳೂದಿಲ್ಲಲ್ಲ?” ಆಮೇಲೆ ನಾವು ವಸ್ತುಗಳನ್ನು ಬಿಟ್ಟು ನೋಡಲು ಬಂದ ಜನರನ್ನು ನೋಡತೊಡಗಿದೆವು. ಅವರ ಮಾತು ನಿಜವಾಗಿತ್ತು. ಜನ ಬರುತ್ತಾರೆ, ಕಣ್ಣರಳಿಸುತ್ತಾರೆ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ, ‘ಸೂಪರ್’ ಅನ್ನುತ್ತಾರೆ. ಬಳಿಕ ಬೆಲೆ ಕೇಳುತ್ತಾರೆ. ಬೆಲೆ ಕೇಳಿದ ಕೂಡಲೆ ಕಣ್ಣು ಕಿರಿದಾಗುತ್ತದೆ, ಚೌಕಾಸಿ ಶುರುವಾಗುತ್ತದೆ. ಅಂದರೆ ಮೆಚ್ಚುಗೆ ಇದೆ, ಚೌಕಾಸಿ ಇದೆ. ಇವೆರಡರ ನಡುವೆ ಇರಬೇಕಾದ ಪರೀಕ್ಷೆ ಇಲ್ಲ.

ಹಳೆಯ ಸಂತೆಯನ್ನು ಕಂಡವರಿಗೆ ಈ ಪರೀಕ್ಷೆ ಏನೆಂದು ವಿವರಿಸಬೇಕಾಗಿಲ್ಲ. ಮಡಕೆ ಕೊಳ್ಳುವ ಹೆಂಗಸು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು. ಕಣಕಣ ಎಂದರೆ ಆವಿಗೆಯಲ್ಲಿ ಸರಿಯಾಗಿ ಬೆಂದಿದೆ. ದನಿ ಬೊದ್ದಾಗಿದ್ದರೆ ಎಲ್ಲೋ ಹಸಿ ಉಳಿದಿದೆ ಅಥವಾ ಸೀಳಿದೆ. ಕಂಬಳಿ ಕೊಳ್ಳುವ ಕುರಿಗಾಹಿ ಅದನ್ನು ಬೆಳಕಿಗೆ ಎತ್ತಿ ಹಿಡಿದು ನೇಯ್ಗೆಯ ಸಂದು ನೋಡುತ್ತಿದ್ದ, ಹುಣಸೆ ಬೀಜದ ಗಂಜಿ ಎಷ್ಟು ಕುಡಿದಿದೆ ಎಂದು ಬೆರಳಿನಲ್ಲಿ ಉಜ್ಜುತ್ತಿದ್ದ. ಮಳೆಗಾಲದಲ್ಲಿ ಅದನ್ನು ಗೊಪ್ಪೆ ಮಾಡಿಕೊಂಡು ಅಡವಿಯಲ್ಲಿ ನಿಲ್ಲುವವನು ಅವನೇ. ಗಂಜಿ ಕಡಿಮೆಯಾದರೆ ನೆನೆಯುವುದೂ ಅವನೇ. ನೊಗ ಕೊಳ್ಳುವವನು ಮರದ ಎಳೆ ನೋಡುತ್ತಿದ್ದ, ಚಾಪೆ ಕೊಳ್ಳುವವಳು ಅಂಚು ಮಡಚಿ ನೋಡುತ್ತಿದ್ದಳು. ಇವರು ಯಾರೂ ಕಲಾರಸಿಕರೆಂಬ ಹೆಸರು ಪಡೆದವರಲ್ಲ. ಆದರೆ ಕುಂಬಾರನ, ನೇಕಾರನ, ಬಡಗಿಯ ನಿಜವಾದ ವಿಮರ್ಶಕರು ಇವರೇ ಆಗಿದ್ದರು. ಮುಂದಿನ ವಾರದ ಸಂತೆಗೆ ಒಡೆದ ಮಡಕೆಯ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗಳ ತೆಗೆಯುವ ಹಕ್ಕೂ ಅವರಿಗೆ ಇತ್ತು.

ಮೇಳದಲ್ಲಿ ಕುಂಬಾರನೂ ಇದ್ದ. ಪ್ರವೇಶದ್ವಾರದ ಬಳಿ ಒಂದು ಎತ್ತರದ ಕಟ್ಟೆ, ಅದರ ಮೇಲೆ ವಿದ್ಯುತ್ತಿನಿಂದ ತಿರುಗುವ ತಿಗರಿ. ಅವನ ಕೈಚಳಕ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಎರಡು ನಿಮಿಷದಲ್ಲಿ ಮಣ್ಣಿನ ಮುದ್ದೆ ಹೂಜಿಯಾಗಿ ಏಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ನಿಂತಮೇಲೆ ಅವನು ಹೂಜಿಯನ್ನು ಅಂಗೈಯಿಂದ ಒತ್ತಿ ಮತ್ತೆ ಮುದ್ದೆ ಮಾಡುತ್ತಿದ್ದ, ಮುಂದಿನ ಗುಂಪಿಗಾಗಿ. ಬೆಳಗಿನಿಂದ ಸಂಜೆಯವರೆಗೆ ಎಷ್ಟೋ ಹೂಜಿಗಳು ಹುಟ್ಟಿದವು, ಒಂದೂ ಆವಿಗೆಯನ್ನು ಕಾಣಲಿಲ್ಲ. ಈ ಮೇಳದ ಸ್ವಭಾವವನ್ನು ಒಂದೇ ದೃಶ್ಯದಲ್ಲಿ ಹೇಳಬೇಕಾದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಕುಂಬಾರಿಕೆಯಲ್ಲಿ ನೋಡಲು ಚೆಂದವಾಗಿರುವ ಎರಡು ನಿಮಿಷವನ್ನು ಮಾತ್ರ ಬೇರ್ಪಡಿಸಿ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಮಣ್ಣು ಹುಡುಕುವುದು, ತುಳಿಯುವುದು, ಸೋಸುವುದು, ನೆರಳಿನಲ್ಲಿ ಒಣಗಿಸುವುದು, ಸುಡುವುದು, ಸುಟ್ಟಾಗ ಕೆಲವು ಒಡೆದು ನಷ್ಟವಾಗುವುದು, ಇವೆಲ್ಲ ಕಟ್ಟೆಯ ಕೆಳಗೆ ಉಳಿದಿವೆ. ಒಡೆಯುವ ಅಪಾಯವೇ ಇಲ್ಲದ ಹೂಜಿಯನ್ನು ನಾವು ಯಾವ ಆಧಾರದ ಮೇಲೆ ಮೆಚ್ಚುವುದು?

ಇದಕ್ಕೆ ತದ್ವಿರುದ್ಧವಾದದ್ದು ಬಿದ್ರಿ ಮಳಿಗೆಯಲ್ಲಿ ಕೇಳಿಬಂತು. ಬಿದ್ರಿ ಪಾತ್ರೆಯ ಒಡಲು ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ ಬೆರೆತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಯ ಹಂತದಲ್ಲಿ ಬೀದರ ಕೋಟೆಯ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಾಯಿಸಿ ಅದರಲ್ಲಿ ಪಾತ್ರೆಯನ್ನು ಅದ್ದಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳಿಗೆಯಲ್ಲಿದ್ದ ಹಿರಿಯರು ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ತಾವು ನಾಲಗೆಗೆ ಮುಟ್ಟಿಸಿ ನೋಡುವುದಾಗಿ ಹೇಳಿದರು. ಬೀದರಿನ ಕುಶಲಿಗಳಲ್ಲಿ ಇದು ರೂಢಿಯಲ್ಲಿರುವ ಪರೀಕ್ಷೆ. ಗೆಳತಿ ಅಚ್ಚರಿಯಿಂದ ಕೇಳಿದರು, “ನೀವು ಮಣ್ಣಿನ ರುಚಿ ನೋಡುತ್ತೀರಿ, ನಾವು ಪಾತ್ರೆಯಲ್ಲಿ ಏನನ್ನು ನೋಡಬೇಕು?” ಹಿರಿಯರಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಒಂದು ಹೂದಾನಿಯನ್ನು ಎತ್ತಿಕೊಟ್ಟು, ಬೆಳ್ಳಿಯ ಗೆರೆಯ ಮೇಲೆ ಉಗುರಿನಿಂದ ಎಳೆದು ನೋಡಿ ಎಂದರು. ತಂತಿ ಒಡಲಿಗೆ ಸಮನಾಗಿ ಕೂತಿದ್ದರೆ ಉಗುರು ಎಲ್ಲೂ ತಡೆಯುವುದಿಲ್ಲ. ತಡೆದರೆ ಕೆಲಸ ಅವಸರದಲ್ಲಿ ಆಗಿದೆ. ಹೀಗೆ ಹೇಳಿಕೊಡಲು ಅವರಿಗೆ ಒಂದು ನಿಮಿಷ ಹಿಡಿಯಿತು. ಆದರೆ ಇಡೀ ಮೇಳದಲ್ಲಿ ಇಂಥದನ್ನು ಹೇಳುವ ಒಂದು ಫಲಕವೂ ಇರಲಿಲ್ಲ. ಫಲಕಗಳಲ್ಲಿ ಇದ್ದದ್ದು ಸುಲ್ತಾನರ ಕಾಲದ ಇತಿಹಾಸ.

ಇಳಕಲ್ ಸೀರೆಯ ಮಳಿಗೆಯಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿರಬಹುದು, ಸೆರಗು ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸುತ್ತಾರೆ. ಸೆರಗಿನ ಟೋಪ ತೆನಿಯನ್ನು ಎಲ್ಲರೂ ನೋಡುತ್ತಾರೆ. ಕೊಂಡಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮೇಷ್ಟ್ರು ಸೀರೆಯನ್ನು ಕೈಗೆ ತೆಗೆದುಕೊಂಡವರೇ ಹೊಳ್ಳಿಸಿದರು. ಸೆರಗಿನ ವೈಭವವನ್ನು ಒಂದು ಕ್ಷಣವೂ ನೋಡದೆ, ಒಡಲೂ ಸೆರಗೂ ಸೇರುವ ಜಾಗಕ್ಕೆ ಹೋಗಿ ಕನ್ನಡಕ ಸರಿಮಾಡಿಕೊಂಡರು. “ಕೊಂಡಿ ಇಲ್ಲಿ ಬಿಗಿ ಆಗ್ಯಾವ, ಇಲ್ಲಿ ಸಡ್ಲ ಆಗ್ಯಾವ. ನಾಲ್ಕು ಸಲ ಒಗದ ಮ್ಯಾಲ ಇಲ್ಲಿ ನೆರಿಗಿ ಬೀಳ್ತಾವ” ಎಂದರು.

ಮಾರುತ್ತಿದ್ದ ಯುವಕ ಅಲ್ಲಿಯವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒರಗಿ ಕೂತಿದ್ದ. ಈ ಮಾತು ಕೇಳಿ ಎದ್ದು ನಿಂತ. ಮುಖದಲ್ಲಿ ಸಿಟ್ಟು ಕಾಣಿಸಿತು. ಜಗಳವೇ ಆಗುತ್ತದೆ ಅಂದುಕೊಂಡೆವು. ಅವನು ಸೀರೆಯನ್ನು ಕೈಗೆ ತೆಗೆದುಕೊಂಡು ಆ ಜಾಗವನ್ನು ತಾನೂ ನೋಡಿದ. ಬಳಿಕ ಏನೂ ಹೇಳದೆ ಮೇಜಿನ ಕೆಳಗಿನಿಂದ ಒಂದು ಟ್ರಂಕು ಎಳೆದು, ತಳದಲ್ಲಿದ್ದ ಬೇರೊಂದು ಸೀರೆ ತೆಗೆದು ಮೇಷ್ಟ್ರ ಮುಂದೆ ಹಾಸಿದ. ಕಾಣುವುದಕ್ಕೆ ಮೊದಲಿನದಕ್ಕಿಂತ ಸಾದಾ. ಆದರೆ ಕೊಂಡಿಯ ಸಾಲು ಸೂಜಿ ಹಿಡಿದು ಗೆರೆ ಎಳೆದಂತೆ ಇತ್ತು. “ಇದನ್ನ ಯಾಕ ಹೊರಗ ಇಟ್ಟಿಲ್ಲ?” ಎಂದು ಮೇಷ್ಟ್ರು ಕೇಳಿದರು. “ಇದಕ ರೊಕ್ಕ ಜಾಸ್ತಿ ಹೇಳಬೇಕ್ರಿ. ಯಾಕ ಜಾಸ್ತಿ ಅಂತ ತಿಳಿಯೋರು ಬರೂದಿಲ್ಲ. ಮುಂಜಾನಿಂದ ನೂರು ಮಂದಿ ಚೆಂದ ಐತಿ ಅಂದ್ರು. ಹೊಳ್ಳಿಸಿ ನೋಡಿದವ್ರು ನೀವ ಮೊದಲನೇದವ್ರು.”

ಈ ಮಾತಿನಲ್ಲಿ ಕೈಕಸಬಿನ ಇಂದಿನ ಅರ್ಥಶಾಸ್ತ್ರವೆಲ್ಲ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯದಕ್ಕೂ ಸುಮಾರಿನದಕ್ಕೂ ಇರುವ ವ್ಯತ್ಯಾಸ ಗಿರಾಕಿಗೆ ಗೊತ್ತಿಲ್ಲದಿದ್ದರೆ ಎರಡಕ್ಕೂ ಒಂದೇ ಬೆಲೆ. ಎರಡಕ್ಕೂ ಒಂದೇ ಬೆಲೆಯಾದರೆ ನೇಕಾರ ಯಾವುದನ್ನು ನೇಯಬೇಕು? ಎರಡು ದಿನ ಹೆಚ್ಚು ಕೂತು ಕೊಂಡಿ ಸರಿಮಾಡುವ ನೇಕಾರ ಮೂರ್ಖನಾಗುತ್ತಾನೆ. ಅವನ ಮಗ ಮೂರ್ಖನಾಗಲು ಒಪ್ಪುವುದಿಲ್ಲ, ಬೇರೆ ಕೆಲಸ ಹುಡುಕಿ ಹೋಗುತ್ತಾನೆ. ಮೇಷ್ಟ್ರ ಮನೆಯ ಮಗ್ಗ ನಿಂತದ್ದೂ ಹೀಗೆಯೇ. ಯಂತ್ರಮಗ್ಗದ ಸೀರೆ ಅಗ್ಗವಾಗಿ ಬಂದದ್ದು ಒಂದು ಕಾರಣ. ಅದರ ಜೊತೆಗೆ, ಎರಡನ್ನೂ ಪಕ್ಕದಲ್ಲಿಟ್ಟು ಬೇರೆ ಮಾಡಬಲ್ಲ ಗಿರಾಕಿಗಳು ಒಬ್ಬೊಬ್ಬರಾಗಿ ಇಲ್ಲವಾದದ್ದು ಇನ್ನೊಂದು ಕಾರಣ ಎಂದು ಅವರು ಹೇಳುತ್ತಾರೆ. ದೇಶದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. 2009-10ರ ಕೈಮಗ್ಗ ಗಣತಿಯಲ್ಲಿ ನೇಕಾರರೂ ಪೂರಕ ಕೆಲಸಗಾರರೂ ಸೇರಿ 43 ಲಕ್ಷಕ್ಕೂ ಹೆಚ್ಚು ಇದ್ದರು. 2019-20ರ ಗಣತಿಯ ಹೊತ್ತಿಗೆ ಅದು 35 ಲಕ್ಷದಷ್ಟಕ್ಕೆ ಇಳಿಯಿತು. ಈ ಹತ್ತು ವರ್ಷಗಳಲ್ಲಿ ಮೇಳಗಳೇನೂ ಕಡಿಮೆಯಾದಂತೆ ಕಾಣುವುದಿಲ್ಲ.

ಹಾಗೆಂದು ಮೇಳಗಳನ್ನು ಹಳಿದು ಸಂತೆಯನ್ನು ಹೊಗಳುವುದು ಸುಲಭದ ಭಾವುಕತೆಯಾದೀತು. ಊಟದ ಹೊತ್ತಿನಲ್ಲಿ ಗೆಳತಿ ನನ್ನ ಸಂತೆಯ ಗುಣಗಾನವನ್ನು ಅಲ್ಲಿಯೇ ತಡೆದರು. “ಆ ಒಡೆದ ಮಡಕೆ ತಂದು ಜಗಳ ಮಾಡುತ್ತಿದ್ದವರು ಕುಂಬಾರನನ್ನು ಎಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಆಯದ ಪದ್ಧತಿಯಲ್ಲಿ ಸುಗ್ಗಿಯ ಕಾಲಕ್ಕೆ ಕಣದ ಅಂಚಿನಲ್ಲಿ ನಿಂತು ಕಾಳು ಪಡೆಯಬೇಕಾಗಿದ್ದ ಕಸಬುದಾರನಿಗೆ ತಕರಾರು ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ತಿಳಿದ ಗಿರಾಕಿಯ ತಿಳಿವಳಿಕೆಯ ಜೊತೆಗೆ ಜಾತಿಯ ದರ್ಪವೂ ಬರುತ್ತಿತ್ತು. ನವಲಗುಂದದ ಜಮಖಾನೆಯ ಉದಾಹರಣೆ ನೋಡಿ. ಅದನ್ನು ನೇಯುವವರು ಹೆಂಗಸರು. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಪಗಡೆಯ ಹಾಸು, ನವಿಲು ನೇಯುತ್ತಾರೆ. ಮೇಳದಲ್ಲಿ ಆ ಮಳಿಗೆಯ ಹಿಂದೆ ಕೂತು ವ್ಯಾಪಾರ ಮಾಡುತ್ತಿದ್ದವರೂ ಹೆಂಗಸರೇ. ಹಣ ಅವರ ಕೈಗೇ ಹೋಗುತ್ತಿತ್ತು. ಯಾವ ಹಳೆಯ ಸಂತೆಯೂ ಇಷ್ಟು ಸುಲಭವಾಗಿ ಈ ಅವಕಾಶ ಕೊಡುತ್ತಿರಲಿಲ್ಲ. ಸಂಡೂರಿನ ಲಂಬಾಣಿ ಹೆಂಗಸರ ಮಾತೂ ಅದೇ.

ಕಸಬುದಾರನಿಗೆ ಗೌರವದ ಸ್ಥಾನ ಬೇಕೆಂದು ಸ್ವಾತಂತ್ರ್ಯದ ನಂತರ ದುಡಿದವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ (1903-1988) ಹೆಸರು ಮೊದಲು ಬರುತ್ತದೆ. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳಾಗಿ ಅವರು ಊರೂರು ಅಲೆದರು. ಕಣದ ಅಂಚಿನಲ್ಲಿ ನಿಂತವನನ್ನು ಕರೆತಂದು ಕುರ್ಚಿ ಕೊಟ್ಟ ಆ ಪರಂಪರೆಯ ಮೊಮ್ಮಕ್ಕಳೇ ಇಂದಿನ ಮೇಳಗಳು. ಆ ಮಂಡಳಿಯನ್ನು ಸರ್ಕಾರ 2020ರಲ್ಲಿ ರದ್ದುಮಾಡಿತು, ಮೇಳಗಳು ಉಳಿದುಕೊಂಡವು. ಕುರ್ಚಿ ಕೊಟ್ಟದ್ದು ಒಳ್ಳೆಯದಾಯಿತು. ಆದರೆ ಕುರ್ಚಿಯಲ್ಲಿ ಕೂರಿಸಿದವನ ಜೊತೆ ಕೆಲಸದ ಮಾತಾಡುವುದನ್ನು ನಾವು ಬಿಟ್ಟುಬಿಟ್ಟೆವು. ಗೌರವಿಸುವುದೆಂದರೆ ತಪ್ಪು ಹುಡುಕದಿರುವುದು ಎಂದು ತಿಳಿದೆವು.

ಧಾರವಾಡದಲ್ಲಿ ನಿಂತು ಈ ಮಾತು ಹೇಳುವಾಗ ಸಂಗೀತದ ನೆನಪು ಬಾರದಿರದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರಂಥವರು ಬಾಳಿ ಹಾಡಿದ ಈ ಸೀಮೆಯಲ್ಲಿ ತಲೆದೂಗುವುದಕ್ಕೂ ಒಂದು ಶಿಸ್ತು ಇದೆ. ‘ವಾಹ್’ ಎಂಬ ಉದ್ಗಾರ ಸರಿಯಾದ ಜಾಗದಲ್ಲಿ ಬರಬೇಕು. ತಪ್ಪು ಜಾಗದಲ್ಲಿ ಬಂದ ವಾಹ್‌ನಿಂದ ಗಾಯಕನಿಗೆ ಸಂತೋಷಕ್ಕಿಂತ ಕಿರಿಕಿರಿಯೇ ಹೆಚ್ಚು. ಮುಂದಿನ ಸಾಲಿನಲ್ಲಿ ಕೂತ ಯಾರೋ ಹಳೆಯ ಕೇಳುಗ ಸುಮ್ಮನಿದ್ದಾನೆಂದರೆ ಹಾಡುವವನು ಇನ್ನಷ್ಟು ಎಚ್ಚರಗೊಳ್ಳುತ್ತಾನೆ. ಗಾಯಕನನ್ನು ಗೌರವಿಸುತ್ತಲೇ ಅವನ ಶ್ರುತಿಯ ಬಗ್ಗೆ ನಿರ್ದಾಕ್ಷಿಣ್ಯವಾಗಿ ಮಾತಾಡುವುದು ನಮಗೆ ಸಾಧ್ಯವಾಗಿದೆ. ಅದೇ ನ್ಯಾಯ ನೇಕಾರನಿಗೆ ಏಕಿಲ್ಲ? ಮೇಳದ ವೇದಿಕೆಯಲ್ಲಿ ಅತಿಥಿಗಳೊಬ್ಬರು ಕಾಯಕದ ಮಹತ್ವವನ್ನು ಹೇಳುತ್ತ ಜೇಡರ ದಾಸಿಮಯ್ಯನನ್ನು ಮತ್ತೆ ಮತ್ತೆ ಸ್ಮರಿಸಿದರು. ಬ್ಯಾಂಕಿನ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ: “ದಾಸಿಮಯ್ಯನ ಬಟ್ಟಿ ಹೆಂಗಿತ್ತು ಅಂತ ಯಾರಾದ್ರೂ ಹೇಳ್ತಾರೇನು ನೋಡು.”

ಈಗ ಗಿರಾಕಿಯ ಕಣ್ಣಿನ ಕೆಲಸವನ್ನು ಚೀಟಿಗಳಿಗೆ ವಹಿಸಿದ್ದೇವೆ. ಇಳಕಲ್, ಬಿದ್ರಿ, ಚನ್ನಪಟ್ಟಣ, ಕಿನ್ನಾಳ, ನವಲಗುಂದ, ಇವಕ್ಕೆಲ್ಲ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಇವು ಬೇಕಾದವೇ. ಮೋಸದ ಮಾಲನ್ನು ದೂರವಿಡಲು ಕಾನೂನಿನ ಒಂದು ಆಸರೆ ಇರಬೇಕು. ಆದರೆ ಚೀಟಿ ಹೇಳುವುದು ವಸ್ತು ಯಾವ ಊರಿನದು, ಯಾವ ಬಗೆಯ ಮಗ್ಗದ್ದು ಎಂಬುದನ್ನು. ಈ ಒಂದು ಸೀರೆಯ ಕೊಂಡಿ ಹೇಗಿದೆ ಎಂಬುದನ್ನು ಅದು ಹೇಳಲಾರದು. ಚನ್ನಪಟ್ಟಣದ ಗೊಂಬೆಯೊಂದರ ಆಲೆ ಮರ ಚೆನ್ನಾಗಿ ಒಣಗಿತ್ತೆ, ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗು ಸಮನಾಗಿ ಕರಗಿ ಹಬ್ಬಿತೆ, ತಾಳೆ ಗರಿಯಿಂದ ತಿಕ್ಕಿ ತಂದ ಹೊಳಪು ತಳದವರೆಗೂ ಹೋಗಿದೆಯೆ, ಇವನ್ನು ತಿಳಿಯಲು ಗೊಂಬೆಯನ್ನು ತಿರುಗಿಸಿ ನೋಡಬೇಕು.

ಮೇಳದ ಗಿರಾಕಿಯಿಂದ ಆಗುವ ಇನ್ನೊಂದು ನಷ್ಟವನ್ನು ಬ್ಯಾಂಕಿನ ಗೆಳೆಯ ವಿವರಿಸಿದ. ಸಂತೆಯ ಗಿರಾಕಿ ಸಿಟ್ಟಾದರೆ ಮರಳಿ ಬರುತ್ತಿದ್ದ. ಮೇಳದ ಗಿರಾಕಿ ಸಿಟ್ಟಾದರೆ ಎಲ್ಲಿಗೂ ಬರುವುದಿಲ್ಲ. ಮೇಳ ಹತ್ತು ದಿನಕ್ಕೆ ಮುಗಿಯುತ್ತದೆ, ನೇಕಾರ ತನ್ನ ಊರಿಗೆ ಹೋಗುತ್ತಾನೆ. ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಟ್ಟರೆ ಕೊಂಡವರು ಮನೆಯಲ್ಲಿ ‘ಕೈಮಗ್ಗದ ಹಣೆಬರಹವೇ ಇಷ್ಟು’ ಎಂದುಕೊಂಡು ಮುಂದಿನ ವರ್ಷ ಕೊಳ್ಳುವುದಿಲ್ಲ. ನೇಕಾರನಿಗೆ ಏನೂ ತಿಳಿಯದು. ಅವನ ಲೆಕ್ಕಕ್ಕೆ ಎಲ್ಲರೂ ಚೆಂದ ಎಂದವರೇ. ಚೆಂದ ಎಂದವರೆಲ್ಲ ಏಕೆ ಮತ್ತೆ ಬರಲಿಲ್ಲ ಎಂಬುದು ಅವನಿಗೆ ಒಗಟಾಗಿ ಉಳಿಯುತ್ತದೆ. ಬಾಯಿ ಬಿಟ್ಟು ಹೇಳಿದ ತಕರಾರಿನಿಂದ ಒಂದು ಸೀರೆ ಕೆಟ್ಟೀತು. ಹೇಳದೆ ನುಂಗಿದ ತಕರಾರಿನಿಂದ ಮಗ್ಗವೇ ನಿಲ್ಲುತ್ತದೆ.

ಮೇಳ ನಡೆಸುವವರು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಪ್ರತಿ ಮಳಿಗೆಯಲ್ಲಿ ಒಂದೇ ವಸ್ತುವಿನ ಉತ್ತಮವಾದದ್ದನ್ನೂ ಸುಮಾರಿನದನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಎರಡಕ್ಕೂ ಎಷ್ಟೆಷ್ಟು ದಿನ ಹಿಡಿಯಿತು, ಬೆಲೆಯಲ್ಲಿ ಅಂತರ ಏಕೆ ಎಂದು ಕನ್ನಡದಲ್ಲಿ ಬರೆದು ಹಾಕಬಹುದು. ಕುಂಬಾರನ ಕಟ್ಟೆಯ ಪಕ್ಕದಲ್ಲಿ ಒಂದು ಸಣ್ಣ ಆವಿಗೆ ಹಾಕಿ, ಬೆಳಿಗ್ಗೆ ಸುಟ್ಟದ್ದನ್ನು ಸಂಜೆ ತೆಗೆದು, ಒಡೆದವುಗಳನ್ನೂ ಸೇರಿಸಿ ತೋರಿಸಬಹುದು. ಒಂದು ರಿಪೇರಿ ಮಳಿಗೆ ಇಡಬಹುದು. ಹಿಂದಿನ ವರ್ಷ ಕೊಂಡದ್ದನ್ನು ಜನ ಹಿಂತಂದು ತೋರಿಸಲಿ, ಬಿಚ್ಚಿದ ಹೆಣಿಗೆಯನ್ನು ಮಾಡಿದವನೇ ಸರಿಪಡಿಸಿ ಕೊಡಲಿ. ಅಲ್ಲಿ ಒಂದು ಗಂಟೆ ಕೂತರೆ ಉದ್ಘಾಟನೆಯ ಭಾಷಣಗಳಿಂದ ತಿಳಿಯುವುದಕ್ಕಿಂತ ಹೆಚ್ಚು ತಿಳಿದೀತು, ನೋಡುವವರಿಗೂ ಮಾಡುವವರಿಗೂ.

ಕೊಳ್ಳುವ ನಾವು ಮಾಡಬೇಕಾದದ್ದು ಅದಕ್ಕಿಂತ ಸರಳ. ಮೇಷ್ಟ್ರು ಆ ದಿನ ಟ್ರಂಕಿನ ಸೀರೆಯನ್ನೇ ಕೊಂಡರು, ಕೇಳಿದ ಬೆಲೆಗೇ. ಚೌಕಾಸಿ ಮಾಡಲಿಲ್ಲ, ಪರೀಕ್ಷೆ ಮಾಡಿದವರಿಗೆ ಚೌಕಾಸಿಯ ಅಗತ್ಯ ಬೀಳುವುದಿಲ್ಲ. ಯುವಕ ಚೀಟಿಯ ಹಿಂದೆ ತನ್ನ ಫೋನ್ ನಂಬರು ಬರೆದುಕೊಟ್ಟ. ಇಂಥ ನಂಬರು ನಮ್ಮಲ್ಲಿ ಅನೇಕರ ಬಳಿ ಇರುತ್ತದೆ, ಯಾವುದೋ ಚೀಲದ ತಳದಲ್ಲಿ. ಬಣ್ಣ ಬಿಟ್ಟರೆ, ಹೊಲಿಗೆ ಬಿಚ್ಚಿದರೆ, ಅರಗು ಎದ್ದರೆ ಆ ನಂಬರಿಗೆ ಫೋನು ಮಾಡಿ ಹೇಳಬೇಕು. ಐದು ವರ್ಷ ಉಟ್ಟಮೇಲೂ ಕೊಂಡಿ ಗಟ್ಟಿಯಾಗಿದ್ದರೆ ಅದನ್ನೂ ಫೋನು ಮಾಡಿಯೇ ಹೇಳಬೇಕು.